ಮೊದಲ ಹೊಟ್ಟೆ ದಾಟಬೇಕು: ದನಕ್ಕೆ ಕೊಡುವ ಅಮೈನೋ ಆಮ್ಲಕ್ಕೆ ಕವಚ ಯಾಕೆ?

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಹಾಲಿನ ಸೊಸೈಟಿಗಳಲ್ಲಿ ಬೆಳಗ್ಗೆ ಕೇಳುವ ದೂರು ಹೆಚ್ಚಾಗಿ ಒಂದೇ. "ಫ್ಯಾಟ್ ಉಂಟು, ಎಸ್‌ಎನ್‌ಎಫ್ ಇಲ್ಲ." ಹಾಲಿನಿಂದ ನೀರನ್ನೂ ಕೊಬ್ಬನ್ನೂ ತೆಗೆದರೆ ಉಳಿಯುವುದೇ ಎಸ್‌ಎನ್‌ಎಫ್. ಹಾಲಿನ ಸಕ್ಕರೆ, ಪ್ರೋಟೀನ್, ಲವಣ ಅದರಲ್ಲಿ ಸೇರಿವೆ. ದನದ ಹಾಲಿನಲ್ಲಿ ಇದು ಕನಿಷ್ಠ ಶೇಕಡ 8.3 ಇರಬೇಕು ಎನ್ನುತ್ತದೆ ಆಹಾರ ಸುರಕ್ಷತೆಯ ನಿಯಮ. ಇದು ಇಳಿದರೆ ಲೀಟರಿನ ರೇಟೂ ಇಳಿಯುತ್ತದೆ. ಆರೋಗ್ಯವಾಗಿರುವ ದನದ ಹಾಲಿನಲ್ಲಿ ಸಕ್ಕರೆಯ ಪ್ರಮಾಣ ಅಷ್ಟಾಗಿ ಅಲುಗಾಡುವುದಿಲ್ಲ. ಮೇವಿನಿಂದ ಏರಿಸಲು ಸಾಧ್ಯ ಇರುವುದು ಪ್ರೋಟೀನ್ ಭಾಗವನ್ನು ಮಾತ್ರ, ಅದೂ ಸ್ವಲ್ಪ.

ಹಾಗಾಗಿ ಹಿಂಡಿ ಅಂಗಡಿಗೆ ಹೋದರೆ ಒಂದು ಸಣ್ಣ ಪ್ಯಾಕೆಟ್ ಮುಂದೆ ಬರುತ್ತದೆ. ಮೇಲೆ ಇಂಗ್ಲಿಷ್, ಕೆಳಗೆ ಮಲಯಾಳ, ಕನ್ನಡ ಎಲ್ಲೂ ಇಲ್ಲ. ರೂಮೆನ್ ಪ್ರೊಟೆಕ್ಟೆಡ್ ಮೆಥಿಯೋನಿನ್ ಅಂತ ಬರೆದಿರುತ್ತದೆ. ಮೆಥಿಯೋನಿನ್ ಎಂದರೆ ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂದು. ದನದ ಮೊದಲ ಹೊಟ್ಟೆಯಲ್ಲಿ ಹಾಳಾಗದ ಹಾಗೆ ಅದನ್ನು ಕಾಪಾಡಿದ್ದಾರೆ ಎಂದು ಆ ಹೆಸರಿನ ಅರ್ಥ. ಬೆಲೆ ಕೇಳಿದರೆ ಕೈ ಹಿಂದೆ ಬರುತ್ತದೆ. ಕೋಳಿ ಮೇವಿಗೆ ಹಾಕುವ ಮೆಥಿಯೋನಿನ್ ಇದಕ್ಕಿಂತ ಎಷ್ಟೋ ಅಗ್ಗ. ಎರಡೂ ಒಂದೇ ವಸ್ತು, ಹಾಗಾದರೆ ಕೋಳಿಯದ್ದನ್ನೇ ದನಕ್ಕೆ ಹಾಕಿದರೆ ಆಗದೇ?

ಆಗುವುದಿಲ್ಲ. ಯಾಕೆ ಎಂದು ತಿಳಿಯಲು ದನದ ಹೊಟ್ಟೆಯೊಳಗೆ ಹೋಗಬೇಕು.

ದನದ ಎಡ ಪಕ್ಕೆಯ ಹಿಂದೆ, ಸೊಂಟದ ಮೂಳೆಯ ಮುಂದೆ ಒಂದು ಗುಳಿ ಇರುತ್ತದೆ ಅಲ್ವಾ? ಹೊಟ್ಟೆ ತುಂಬಿದೆಯೋ ಇಲ್ಲವೋ ಎಂದು ನಾವು ನೋಡುವುದು ಅದನ್ನೇ. ಅಲ್ಲಿ ಮುಷ್ಟಿ ಒತ್ತಿ ಸುಮ್ನೆ ನಿಂತರೆ, ಒಂದೆರಡು ನಿಮಿಷದೊಳಗೆ ಒಳಗಿನಿಂದ ಏನೋ ನಿಧಾನವಾಗಿ ಉಬ್ಬಿ ಬಂದು ಕೈಯನ್ನು ಹೊರಗೆ ತಳ್ಳುತ್ತದೆ. ಅದು ಮೊದಲ ಹೊಟ್ಟೆ, ರೂಮೆನ್, ತನ್ನೊಳಗಿನದನ್ನು ಕಲಕುವುದು. ದೊಡ್ಡ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್ ತಳಿ) ದನದಲ್ಲಿ ಇದು ನೂರು ಲೀಟರಿಗಿಂತ ಜಾಸ್ತಿ ಹಿಡಿಯುತ್ತದೆ. ಒಳಗೆ ಸುಮಾರು 39 ಡಿಗ್ರಿ ಬಿಸಿ. ಆಮ್ಲಜನಕ ಇಲ್ಲವೇ ಇಲ್ಲ ಎನ್ನಬಹುದು. ಹುಳಿ ಅಷ್ಟಿಲ್ಲ, ಪಿಎಚ್ 6ರ ಆಸುಪಾಸು. ಪಿಎಚ್ ಹುಳಿಯ ಅಳತೆ, ಅಂಕೆ ಇಳಿದಷ್ಟೂ ಹುಳಿ ಜಾಸ್ತಿ. ಅಲ್ಲಿನ ರಸದ ಒಂದೊಂದು ಮಿಲಿಲೀಟರಿನಲ್ಲೂ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾ, ಜೊತೆಗೆ ಪ್ರೊಟೊಜೋವಾ, ಶಿಲೀಂಧ್ರ.

ಬೈಹುಲ್ಲನ್ನು ಜೀರ್ಣಿಸುವ ಶಕ್ತಿ ದನಕ್ಕೆ ಸ್ವಂತದ್ದಲ್ಲ. ಆ ಕೆಲಸ ಮಾಡುವುದು ಈ ಸೂಕ್ಷ್ಮಜೀವಿಗಳು. ಹುಲ್ಲಿನ ನಾರನ್ನು ಹುಳಿಯಿಸಿ ಅವು ಬಿಡುವ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳೇ ದನಕ್ಕೆ ಶಕ್ತಿ. ಪ್ರೋಟೀನ್ ಬಂದರೂ ಮೊದಲ ಪಾಲು ಅವುಗಳಿಗೇ. ಹಿಂಡಿಯ ಪ್ರೋಟೀನನ್ನು ಒಡೆದು ಅಮೈನೋ ಆಮ್ಲ ಮಾಡುತ್ತವೆ, ಅದನ್ನೂ ಒಡೆದು ಅಮೋನಿಯಾ ಮಾಡುತ್ತವೆ. ಆ ಅಮೋನಿಯಾದಿಂದ ತಮ್ಮ ಮೈ ಕಟ್ಟಿಕೊಳ್ಳುತ್ತವೆ. ಆಮೇಲೆ ಮೇವಿನ ಜೊತೆ ಹರಿದು ನಾಲ್ಕನೇ ಹೊಟ್ಟೆ ಸೇರುತ್ತವೆ. ಅಲ್ಲಿ ಪಿಎಚ್ 2ರಿಂದ 3, ನಮ್ಮ ಹೊಟ್ಟೆಯ ಹಾಗೆ ಕಡು ಹುಳಿ. ಅಲ್ಲಿ ಸೂಕ್ಷ್ಮಜೀವಿಗಳು ಸತ್ತು, ಸಣ್ಣ ಕರುಳಿನಲ್ಲಿ ಜೀರ್ಣವಾಗುತ್ತವೆ. ದನಕ್ಕೆ ದಕ್ಕುವ ಪ್ರೋಟೀನಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಹೀಗೆ ಬಂದದ್ದು. ಅದರ ಗುಣವೂ ಒಳ್ಳೆಯದೇ. ಬೈಹುಲ್ಲು, ತೌಡು ತಿಂದು ಊರದನ ಹಾಲು ಕೊಡುವುದು ಇದೇ ವ್ಯವಸ್ಥೆಯ ಬಲದಿಂದ.

ತೊಂದರೆ ಶುರುವಾಗುವುದು ಹೆಚ್ಚು ಹಾಲು ಕೊಡುವ ದನಗಳಲ್ಲಿ. ಸೂಕ್ಷ್ಮಜೀವಿಗಳು ಎಷ್ಟೇ ಬೆಳೆದರೂ ಆ ಹಾಲಿಗೆ ಬೇಕಾದಷ್ಟು ಪ್ರೋಟೀನ್ ಸಿಗುವುದಿಲ್ಲ. ನಾವು ಹಿಂಡಿ ಹೆಚ್ಚಿಸುತ್ತೇವೆ. ನೆಲಗಡಲೆ ಹಿಂಡಿಯ ಪ್ರೋಟೀನ್ ರೂಮೆನ್‌ನಲ್ಲಿ ಬಹಳ ಬೇಗ ಒಡೆಯುತ್ತದೆ. ಅಷ್ಟು ಅಮೋನಿಯಾವನ್ನು ಬಳಸಲು ಸೂಕ್ಷ್ಮಜೀವಿಗಳಿಗೆ ಪಿಷ್ಟದ ಶಕ್ತಿಯೂ ಅದೇ ಹೊತ್ತಿಗೆ ಸಿಗಬೇಕು. ಸಿಗದಿದ್ದರೆ ಅಮೋನಿಯಾ ರೂಮೆನ್ ಗೋಡೆಯ ಮೂಲಕ ರಕ್ತಕ್ಕೆ ಸೇರುತ್ತದೆ. ಲಿವರ್ ಅದನ್ನು ಯೂರಿಯಾ ಮಾಡುತ್ತದೆ, ಅದಕ್ಕೂ ದನದ ಶಕ್ತಿಯೇ ಖರ್ಚು. ಸ್ವಲ್ಪ ಯೂರಿಯಾ ಜೊಲ್ಲಿನ ಮೂಲಕ ರೂಮೆನ್‌ಗೆ ವಾಪಸ್ ಬರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಗಂಜಳದಲ್ಲಿ ಹೊರಗೆ. ಬೆಳಗ್ಗೆ ಹಟ್ಟಿಗೆ ಹೋದಾಗ ಮೂಗಿಗೆ ಹೊಡೆಯುವ ಘಾಟಿನಲ್ಲಿ ನೀವು ದುಡ್ಡು ಕೊಟ್ಟು ತಂದ ಹಿಂಡಿಯ ಪಾಲೂ ಇದೆ.

ಹಿಂಡಿಯ ಪ್ರೋಟೀನಿಗೇ ಈ ಗತಿ ಅಂದರೆ, ಬಿಡಿ ಮೆಥಿಯೋನಿನ್ ಪುಡಿಯದ್ದು ಕೇಳುವುದೇ ಬೇಡ. ಅದನ್ನು ಒಡೆಯುವ ಕೆಲಸವೂ ಸೂಕ್ಷ್ಮಜೀವಿಗಳಿಗೆ ಉಳಿದಿಲ್ಲ, ನೀರಿಗೆ ಬಿದ್ದ ಕೂಡಲೇ ಕೈಗೆ ಸಿಗುತ್ತದೆ. ಕೆಲವೇ ಗಂಟೆಗಳಲ್ಲಿ ಹೆಚ್ಚಿನ ಪಾಲು ಮುಗಿದಿರುತ್ತದೆ. ಕೋಳಿಗೂ ಹಂದಿಗೂ ಇಂಥ ಹುಳಿಯಿಸುವ ಮೊದಲ ಹೊಟ್ಟೆ ಇಲ್ಲ. ಅವಕ್ಕೆ ಬರೀ ಪುಡಿ ಸಾಕು.

ಪ್ರೋಟೀನಿನಲ್ಲಿರುವ ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಮೆಥಿಯೋನಿನ್ ಮತ್ತು ಲೈಸಿನ್ ಎರಡರದ್ದೇ ಇಷ್ಟು ಮಾತು ಯಾಕೆ? ಹಾಲಿನ ಪ್ರೋಟೀನಿನ ಸುಮಾರು ಶೇಕಡ 80 ಭಾಗ ಕೇಸಿನ್. ಕೆಚ್ಚಲಿನಲ್ಲಿ ಕೇಸಿನ್ ತಯಾರಾಗುವಾಗ ಒಂದೊಂದು ಜಾಗಕ್ಕೆ ಒಂದೊಂದು ಅಮೈನೋ ಆಮ್ಲವೇ ಬೇಕು. ಮೆಥಿಯೋನಿನ್ ಬೇಕಾದಲ್ಲಿ ಬೇರೆ ಯಾವುದೂ ನಡೆಯುವುದಿಲ್ಲ. ಸುಮಾರು ಹತ್ತು ಅಮೈನೋ ಆಮ್ಲಗಳನ್ನು ದನದ ಮೈ ತಾನೇ ಸಾಕಷ್ಟು ತಯಾರಿಸಲಾರದು. ಅವುಗಳಲ್ಲಿ ಒಂದು ಕಡಿಮೆಯಾದರೂ ಉಳಿದವು ಎಷ್ಟಿದ್ದರೂ ಅಲ್ಲಿಗೇ ನಿಲ್ಲುತ್ತದೆ, ಹೆಚ್ಚಾದದ್ದು ಮತ್ತೆ ಯೂರಿಯಾ ಆಗಿ ಹೊರಗೆ. ಮೊದಲು ಕಡಿಮೆ ಬೀಳುವವು ಹೆಚ್ಚಾಗಿ ಈ ಎರಡೇ ಎಂದು ಅಮೆರಿಕದ ಷ್ವಾಬ್ ಮತ್ತು ಜೊತೆಗಾರರು 1976ರಲ್ಲಿ ತೋರಿಸಿದರು. ಅವರು ಅಮೈನೋ ಆಮ್ಲಗಳನ್ನು ಬಾಯಿಗೆ ಹಾಕಲಿಲ್ಲ, ನಳಿಕೆ ಇಟ್ಟು ನೇರ ನಾಲ್ಕನೇ ಹೊಟ್ಟೆಗೆ ಬಿಟ್ಟರು. ಮೆಕ್ಕೆಜೋಳದಲ್ಲಿ ಲೈಸಿನ್ ಕಡಿಮೆ, ಸೋಯಾದಲ್ಲಿ ಮೆಥಿಯೋನಿನ್ ಕಡಿಮೆ. ನಮ್ಮ ತೆಂಗಿನ ಹಿಂಡಿಯಲ್ಲಿ ಲೈಸಿನ್ ಕಡಿಮೆ. ಕರುಳಿಗೆ ತಲುಪುವಾಗ ಲೈಸಿನ್ ಸುಮಾರು ಮೂರು ಪಾಲಿದ್ದರೆ ಮೆಥಿಯೋನಿನ್ ಒಂದು ಪಾಲು ಎಂಬುದು ಸಾಮಾನ್ಯವಾಗಿ ಹಿಡಿಯುವ ಲೆಕ್ಕ.

ಇದೆಲ್ಲ ಮೊದಲು ಗೊತ್ತಾದದ್ದು ಹಾಲಿನಿಂದ ಅಲ್ಲ, ಉಣ್ಣೆಯಿಂದ. 1960ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ರೈಸ್ ಮತ್ತು ಶಿಂಕೆಲ್ ಕುರಿಗಳ ನಾಲ್ಕನೇ ಹೊಟ್ಟೆಗೆ ನೇರವಾಗಿ ಕೇಸಿನ್ ಮತ್ತು ಗಂಧಕ ಇರುವ ಅಮೈನೋ ಆಮ್ಲಗಳನ್ನು ಬಿಟ್ಟರು. ಉಣ್ಣೆ ಬೆಳೆಯುವ ವೇಗ ಏರಿತು. ಆದರೆ ಮಂದೆಯಲ್ಲಿರುವ ಕುರಿಗಳಿಗೆಲ್ಲ ನಳಿಕೆ ಹಾಕಲು ಬರುತ್ತದೆಯೇ? 1967ರಲ್ಲಿ ಫರ್ಗುಸನ್ ಮತ್ತು ಜೊತೆಗಾರರು ಕೇಸಿನ್‌ಗೆ ಫಾರ್ಮಾಲ್ಡಿಹೈಡ್ ಸೇರಿಸಿ ಬಾಯಿಯ ಮೂಲಕವೇ ಕೊಟ್ಟರು. ಫಾರ್ಮಾಲ್ಡಿಹೈಡ್ ಪ್ರೋಟೀನಿನ ಎಳೆಗಳ ನಡುವೆ ಬೆಸುಗೆ ಹಾಕುತ್ತದೆ. ರೂಮೆನ್‌ನ ಪಿಎಚ್ 6ರಲ್ಲಿ ಬೆಸುಗೆ ಗಟ್ಟಿ, ನಾಲ್ಕನೇ ಹೊಟ್ಟೆಯ ಹುಳಿಗೆ ಅದು ಬಿಡುತ್ತದೆ. ನಮ್ಮಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹಿಂಡಿಗಳಿಗೆ ಇದೇ ವಿಧಾನವನ್ನು ತಂದಿತು. ಬೈಪಾಸ್ ಪ್ರೋಟೀನ್ ಎಂದು ಹಾಲು ಒಕ್ಕೂಟಗಳು ಮಾರುವುದು ಹೆಚ್ಚಾಗಿ ಹೀಗೆ ತಯಾರಾದದ್ದು. ಫಾರ್ಮಾಲ್ಡಿಹೈಡ್ ಪ್ರಮಾಣ ಸ್ವಲ್ಪ ಜಾಸ್ತಿಯಾದರೂ ಬೆಸುಗೆ ಬಿಡುವುದೇ ಇಲ್ಲ, ಹಿಂಡಿ ಸೆಗಣಿಯಲ್ಲಿ ಹೋಗುತ್ತದೆ. ಅದು ವಿಷ, ಕ್ಯಾನ್ಸರ್ ತರುವ ರಾಸಾಯನಿಕ ಕೂಡ. ಯಾರೋ ವಿಡಿಯೋದಲ್ಲಿ ಹೇಳಿದರು ಅಂತ ಮನೆಯಲ್ಲಿ ಫಾರ್ಮಾಲಿನ್ ತಂದು ಹಿಂಡಿಗೆ ಸಿಂಪಡಿಸಬೇಡಿ. ಅದು ಮುಚ್ಚಿದ ಯಂತ್ರದಲ್ಲಿ, ಅಳತೆ ಇಟ್ಟು ಮಾಡುವ ಕೆಲಸ.

ಆದರೆ ಬಿಡಿ ಅಮೈನೋ ಆಮ್ಲಕ್ಕೆ ಈ ಬೆಸುಗೆ ಹೊಂದುವುದಿಲ್ಲ. ಅದಕ್ಕೆ ಹೊರಗಿನಿಂದ ಕವಚ ಬೇಕು. ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ಹಿಂದೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರಲ್ಲ, ಹಾಗೆ ಇದು. ಮಳೆಗಾಲ ಮುಗಿಯುವವರೆಗೆ ನೀರು ಒಳಗೆ ಹೋಗಬಾರದು, ಆಮೇಲೆ ಬಿಚ್ಚಲೂ ಬರಬೇಕು. ರೂಮೆನ್‌ನಲ್ಲಿ ಗಂಟೆಗಟ್ಟಲೆ ಉಳಿಯಬೇಕು, ಕರುಳಿನಲ್ಲಿ ಬೇಗ ತೆರೆಯಬೇಕು. ಒಂದನ್ನು ಸಾಧಿಸುವುದು ಸುಲಭ. ಎರಡೂ ಸೇರಿ ಸಾಧಿಸುವುದೇ ಕಷ್ಟ.

ಹೆಚ್ಚು ಕಾಣುವುದು ಕೊಬ್ಬಿನ ಕವಚ. ಗಟ್ಟಿ ಮಾಡಿದ ಸಸ್ಯಕೊಬ್ಬಿನೊಳಗೆ ಮೆಥಿಯೋನಿನ್ ಹುದುಗಿಸಿ ಸಣ್ಣ ಕಾಳು ಮಾಡುತ್ತಾರೆ. ಅಂಥ ಕೊಬ್ಬು ರೂಮೆನ್‌ನ ಜೀವಿಗಳಿಗೆ ಸುಲಭವಾಗಿ ಬಗ್ಗುವುದಿಲ್ಲ, ಸಣ್ಣ ಕರುಳಿನ ರಸಕ್ಕೆ ಬಗ್ಗುತ್ತದೆ. ಇನ್ನೊಂದು ಬಗೆಯಲ್ಲಿ ಈಥೈಲ್ ಸೆಲ್ಯುಲೋಸ್ ಎಂಬ ಪದರ ಇರುತ್ತದೆ. ಇದು ಕರಗುವುದಿಲ್ಲ, ನಿಧಾನವಾಗಿ ಸವೆಯುತ್ತದೆ. ನನ್ನ ಪ್ರಕಾರ ಅತಿ ಜಾಣ ಉಪಾಯ ಮೂರನೆಯದು. ಪಿಎಚ್ 5ಕ್ಕಿಂತ ಮೇಲೆ ಗಟ್ಟಿಯಾಗಿಯೇ ಉಳಿದು ಕಡು ಹುಳಿ ತಾಗಿದ ಕೂಡಲೇ ಕರಗುವ ಪಾಲಿಮರ್ ಅದು. ರೂಮೆನ್ ದಾಟುವವರೆಗೆ ಬೀಗ, ನಾಲ್ಕನೇ ಹೊಟ್ಟೆಯಲ್ಲಿ ಬೀಗ ತಾನೇ ತೆರೆಯುತ್ತದೆ.

ಕವಚವೇ ಬೇಡದ ದಾರಿಯೂ ಇದೆ. ಮೆಥಿಯೋನಿನ್ ಅಣುವಿನ ಅಮೈನೋ ಗುಂಪಿನ ಜಾಗದಲ್ಲಿ ಹೈಡ್ರಾಕ್ಸಿಲ್ ಗುಂಪು ಇಟ್ಟ ಒಂದು ವಸ್ತು ಸಿಗುತ್ತದೆ. ಸೂಕ್ಷ್ಮಜೀವಿಗಳು ಅದನ್ನು ತುಸು ನಿಧಾನವಾಗಿ ಒಡೆಯುತ್ತವೆ, ದಾಟಿ ಹೋದದ್ದನ್ನು ದನದ ಮೈ ಮೆಥಿಯೋನಿನ್ ಆಗಿ ಬದಲಿಸುತ್ತದೆ. ಇದರ ಐಸೊಪ್ರೊಪೈಲ್ ಎಸ್ಟರ್ ರೂಪ ಇನ್ನೂ ಚುರುಕು, ರೂಮೆನ್ ಗೋಡೆಯ ಮೂಲಕವೇ ರಕ್ತಕ್ಕೆ ಸೇರುತ್ತದೆ.

ಲೈಸಿನ್‌ನ ಕಥೆ ಬೇರೆ. ಅದು ನೀರಲ್ಲಿ ಬಹಳ ಸುಲಭವಾಗಿ ಕರಗುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಕವಚದಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಸಾಕು, ಹೊರಗೆ ಬಂದುಬಿಡುತ್ತದೆ. ಅದಕ್ಕೆ ದಪ್ಪ ಕವಚ ಬೇಕು, ದಪ್ಪವಾದರೆ ಕರುಳಿನಲ್ಲಿ ತೆರೆಯುವುದಿಲ್ಲ. ಬಿಸಿ ಮಾಡಿ ಕಾಪಾಡೋಣ ಎಂದರೆ ಸಕ್ಕರೆಯ ಜೊತೆ ಸೇರಿ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಯಾರಿಗೂ ದಕ್ಕುವುದಿಲ್ಲ. ಮಾರುಕಟ್ಟೆಯಲ್ಲಿ ಮೆಥಿಯೋನಿನ್ ಮೊದಲು ಬಂದು ಲೈಸಿನ್ ತಡವಾಗಿ ಬಂದದ್ದು ಇದೇ ಕಾರಣಕ್ಕೆ.

ಪ್ಯಾಕೆಟ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಒಳಗೆ ಮೆಥಿಯೋನಿನ್ ಶೇಕಡ ಎಷ್ಟು ಅಂತ ಕೇಳಿದರೆ ಸಾಲದು. ರೂಮೆನ್ ದಾಟುವುದು ಎಷ್ಟು, ದಾಟಿದ್ದರಲ್ಲಿ ಕರುಳಿನಲ್ಲಿ ಬಿಡುಗಡೆ ಆಗುವುದು ಎಷ್ಟು? ಲೆಕ್ಕಕ್ಕಾಗಿ ಎರಡು ಸರಕು ಇಟ್ಟುಕೊಳ್ಳಿ. ಒಂದರಲ್ಲಿ ಶೇಕಡ 85 ಮೆಥಿಯೋನಿನ್, ತೆಳು ಕವಚ. 20 ಗ್ರಾಂ ಹಾಕಿದರೆ 17 ಗ್ರಾಂ ಮೆಥಿಯೋನಿನ್ ಹೊಟ್ಟೆಗೆ ಹೋಯಿತು. ರೂಮೆನ್ ದಾಟಿದ್ದು ಶೇಕಡ 40, ಅಂದರೆ 6.8 ಗ್ರಾಂ. ಅದರಲ್ಲಿ ಶೇಕಡ 90 ಕರುಳಿನಲ್ಲಿ ದಕ್ಕಿದರೆ 6 ಗ್ರಾಂ ಚಿಲ್ಲರೆ. ಇನ್ನೊಂದರಲ್ಲಿ ಶೇಕಡ 70 ಮಾತ್ರ, ಹಾಗಾಗಿ 14 ಗ್ರಾಂ. ದಾಟಿದ್ದು ಶೇಕಡ 80, ದಕ್ಕಿದ್ದು ಅದರ ಶೇಕಡ 80. ಕೊನೆಗೆ ಕೈಗೆ ಬಂದದ್ದು ಸುಮಾರು 9 ಗ್ರಾಂ. ಲೇಬಲ್‌ನಲ್ಲಿ ಮೊದಲನೆಯದೇ ದೊಡ್ಡದು, ದನಕ್ಕೆ ಎರಡನೆಯದೇ ಲಾಭ. ಬೆಲೆ ಹೋಲಿಸುವಾಗ ಕಿಲೋ ಬೆಲೆ ಬಿಟ್ಟು, ಕರುಳಿಗೆ ದಕ್ಕುವ ಒಂದು ಗ್ರಾಂಗೆ ಎಷ್ಟು ಎಂದು ನೋಡಿ. ಈ ಎರಡು ಅಂಕೆ ಕೇಳಿದಾಗ ಮಾರುವವರು ಮಾತು ತಿರುಗಿಸಿದರೆ ಪ್ಯಾಕೆಟ್ ಅಲ್ಲೇ ಇಡಿ.

ಈ ಅಂಕೆಗಳನ್ನು ಅಳೆಯುವ ವಿಧಾನವೂ ಸ್ವಾರಸ್ಯದ್ದು. ಸಂಶೋಧನಾ ಕೇಂದ್ರಗಳಲ್ಲಿ ಕೆಲವು ದನಗಳಿಗೆ ಆಪರೇಷನ್ ಮಾಡಿ, ನಾನು ಆಗ ಹೇಳಿದ ಎಡ ಗುಳಿಯಲ್ಲೇ ರೂಮೆನ್‌ಗೆ ಒಂದು ಕಿಂಡಿ ಇಟ್ಟು ರಬ್ಬರ್ ಮುಚ್ಚಳ ಹಾಕಿರುತ್ತಾರೆ. ದನ ಮಾಮೂಲಿನಂತೆ ಮೇಯುತ್ತದೆ, ಮೆಲುಕು ಹಾಕುತ್ತದೆ. ಸಣ್ಣ ಸಣ್ಣ ತೂತಿನ ನೈಲಾನ್ ಚೀಲದಲ್ಲಿ ಸರಕು ತುಂಬಿ ಆ ಕಿಂಡಿಯಿಂದ ಒಳಗೆ ಇಳಿಸುತ್ತಾರೆ. ಗಂಟೆಗಳ ನಂತರ ತೆಗೆದು ತೊಳೆದು ಎಷ್ಟು ಉಳಿದಿದೆ ಎಂದು ತೂಗುತ್ತಾರೆ. ಈ ಪರೀಕ್ಷೆಗೆ ಒಂದು ಕೊರತೆ ಇದೆ. ಚೀಲದೊಳಗಿನ ಕಾಳು ಹಲ್ಲಿಗೆ ಸಿಗುವುದಿಲ್ಲ. ನಿಜವಾಗಿ ದನ ಅದನ್ನು ಅಗಿಯುತ್ತದೆ, ಮೆಲುಕಿನಲ್ಲಿ ಮತ್ತೆ ಅಗಿಯುತ್ತದೆ. ಅದಕ್ಕೇ ಕಾಳು ಚಿಕ್ಕದಾಗಿ, ನೀರಿಗಿಂತ ಸ್ವಲ್ಪ ಭಾರವಾಗಿ ಇರಬೇಕು. ಹಗುರವಾದರೆ ರೂಮೆನ್‌ನಲ್ಲಿ ತೇಲುವ ಹುಲ್ಲಿನ ಜೊತೆ ಸಿಕ್ಕಿ ಮತ್ತೆ ಮತ್ತೆ ಬಾಯಿಗೆ ಬರುತ್ತದೆ. ಹಾಗಾಗಿ ಚೀಲದ ಅಂಕೆಯ ಜೊತೆಗೆ, ತಿನ್ನಿಸಿದ ಮೇಲೆ ರಕ್ತದಲ್ಲಿ ಮೆಥಿಯೋನಿನ್ ಏರಿತೇ ಎಂದೂ ನೋಡುವುದು ಉತ್ತಮ ಪರೀಕ್ಷೆ.

ಪ್ರಕೃತಿಯಲ್ಲೂ ಇಂಥ ಕಾವಲು ಉಂಟು. ಗಾಣದಲ್ಲೋ ಎಕ್ಸ್‌ಪೆಲ್ಲರ್‌ನಲ್ಲೋ ಎಣ್ಣೆ ತೆಗೆಯುವಾಗ ಬಿಸಿಯಾದ ತೆಂಗಿನ ಹಿಂಡಿಯ ಪ್ರೋಟೀನ್ ನೆಲಗಡಲೆಯದಷ್ಟು ಬೇಗ ಒಡೆಯುವುದಿಲ್ಲ, ದೊಡ್ಡ ಪಾಲು ರೂಮೆನ್ ದಾಟುತ್ತದೆ. ಆಡುಗಳು ಮುಗಿಬಿದ್ದು ತಿನ್ನುವ ಹಲಸಿನ ಎಲೆಯಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಇದೆ. ಟ್ಯಾನಿನ್ ರೂಮೆನ್‌ನಲ್ಲಿ ಪ್ರೋಟೀನನ್ನು ಹಿಡಿದಿಟ್ಟುಕೊಂಡು ನಾಲ್ಕನೇ ಹೊಟ್ಟೆಯ ಹುಳಿಯಲ್ಲಿ ಬಿಡುತ್ತದೆ. ಮಿತಿಯಲ್ಲಿದ್ದರೆ ಒಳ್ಳೆಯದು. ಜಾಸ್ತಿಯಾದರೆ ಮೇವೇ ಸೇರುವುದಿಲ್ಲ, ಜೀರ್ಣವೂ ಕೆಡುತ್ತದೆ.

ಇನ್ನು ಯಾರಿಗೆ ಬೇಕು ಎಂಬ ವಿಚಾರ. ಬದಿಯಡ್ಕದ ಬೇಳದಲ್ಲಿ ಸರಕಾರದ ಸಾಕಣೆ ಕೇಂದ್ರದಲ್ಲಿರುವಂಥ ಕಾಸರಗೋಡು ಗಿಡ್ಡ ತಳಿಗೆ ಇದರ ಗೊಡವೆ ಬೇಡ. ಅದು ಕೊಡುವ ಹಾಲಿಗೆ ಸೂಕ್ಷ್ಮಜೀವಿಗಳ ಪ್ರೋಟೀನೇ ಸಾಕು. ಅದಕ್ಕೆ ಪ್ಯಾಕೆಟ್ ತರುವುದು ದುಡ್ಡು ಸುಟ್ಟ ಹಾಗೆ. ದಿನಕ್ಕೆ ಹದಿನೈದು ಲೀಟರ್ ಮೀರಿ ಕರೆಯುವ ಮಿಶ್ರತಳಿ ಇದ್ದರೆ, ಅದರಲ್ಲೂ ಕರು ಹಾಕಿದ ಮೊದಲ ಎರಡು ಮೂರು ತಿಂಗಳಲ್ಲಿ, ಯೋಚಿಸಬಹುದು. ಆ ಹೊತ್ತಿನಲ್ಲಿ ಮೆಥಿಯೋನಿನ್ ಲಿವರ್‌ನಲ್ಲಿ ತುಂಬಿದ ಕೊಬ್ಬನ್ನು ಹೊರಗೆ ಸಾಗಿಸಲೂ ನೆರವಾಗುತ್ತದೆ.

ಅದಕ್ಕೂ ಮೊದಲು ಎರಡು ವಿಷಯ ನೋಡಿ. ಎಸ್‌ಎನ್‌ಎಫ್ ಬೀಳಲು ಕೆಚ್ಚಲು ಬಾವು ಒಂದು ದೊಡ್ಡ ಕಾರಣ, ಹೊರಗೆ ಕಾಣದ ಬಾವೂ ಸೇರಿ. ಬಾವು ಬಂದರೆ ಹಾಲಿನ ಸಕ್ಕರೆಯೂ ಕೇಸಿನ್ನೂ ಎರಡೂ ಇಳಿಯುತ್ತವೆ. ಅದಕ್ಕೆ ಮೆಥಿಯೋನಿನ್ ಮದ್ದಲ್ಲ, ದನದ ಡಾಕ್ಟ್ರೇ ಬೇಕು. ಇನ್ನೊಂದು, ಶಕ್ತಿಯ ಕೊರತೆ. ಬರೀ ಬೈಹುಲ್ಲು, ಅಡಿಕೆ ಹಾಳೆ, ಹಿಂಡಿ ಹಾಕಿ ಪಿಷ್ಟ ಕೊಡದಿದ್ದರೆ ಫ್ಯಾಟ್ ಇರುತ್ತದೆ, ಪ್ರೋಟೀನ್ ಇರುವುದಿಲ್ಲ. ಅಂಥ ಹಟ್ಟಿಯಲ್ಲಿ ಒಂದು ಕಿಲೋ ಮೆಕ್ಕೆಜೋಳದ ನುಚ್ಚು ಮಾಡುವ ಕೆಲಸವನ್ನು ಪ್ಯಾಕೆಟ್ ಮಾಡಲಾರದು. ಇವೆಲ್ಲ ಸರಿ ಇದ್ದೂ ಕೊಟ್ಟರೆ ಹಾಲಿನ ಪ್ರೋಟೀನ್ ಸಾಮಾನ್ಯವಾಗಿ ಶೇಕಡ 0.1ರಿಂದ 0.2 ಅಂಶದಷ್ಟು ಏರಬಹುದು. 8.1ರಲ್ಲಿ ಸಿಕ್ಕಿಬಿದ್ದವರಿಗೆ ಅದು ದೊಡ್ಡದೇ. ಬೇರೆ ಮೇವು ಬದಲಿಸದೆ ಎರಡು ಮೂರು ವಾರ ಕೊಟ್ಟು ನೋಡಿ. ಏರದಿದ್ದರೆ ನಿಲ್ಲಿಸಿ.

ಕೊಡುವ ರೀತಿಯಲ್ಲಿ ನಮ್ಮ ಕಡೆ ಒಂದು ಅಪಾಯ ಇದೆ. ಗಂಜಿ ತಿಳಿ, ತೌಡು, ಹಿಂಡಿ ಸೇರಿಸಿ ಬಿಸಿ ಬಿಸಿ ಅಕ್ಕಚ್ಚು ಕೊಡುವವರು ಬಹಳ. ಕುದಿಯುವ ಬಾಲ್ದಿಗೆ ಕೊಬ್ಬಿನ ಕವಚದ ಕಾಳು ಹಾಕಿದರೆ ಕವಚ ಅಲ್ಲೇ ಕರಗಿ ಮೇಲೆ ಎಣ್ಣೆಯ ಹಾಗೆ ತೇಲುತ್ತದೆ. ನೀವು ತಂದದ್ದು ಕೋಳಿಯ ಮೆಥಿಯೋನಿನ್ ಆಗಿಹೋಯಿತು. ಹುಳಿಗೆ ತೆರೆಯುವ ಪಾಲಿಮರ್ ಆದರೆ ಇನ್ನೊಂದು ಕಾಟ. ರಾತ್ರಿಯಿಡೀ ಇಟ್ಟು ಹುಳಿ ಬಂದ ಅಕ್ಕಚ್ಚಿನಲ್ಲೋ, ಪಿಎಚ್ 4ರ ಸೈಲೇಜಿನಲ್ಲೋ (ಹುಳಿಯಿಸಿ ಇಟ್ಟ ಹಸಿಮೇವು) ಮುಂಚೆಯೇ ಬೆರೆಸಿಟ್ಟರೆ ಬೀಗ ಬಾಲ್ದಿಯಲ್ಲೇ ತೆರೆದುಕೊಳ್ಳುತ್ತದೆ. ಕಾಳನ್ನು ಪುಡಿ ಮಾಡುವುದಂತೂ ಬೇಡವೇ ಬೇಡ. ತಣ್ಣಗಿನ ಒಣ ಹಿಂಡಿಯ ಮೇಲೆ, ಹಾಕುವ ಹೊತ್ತಿಗೆ ಉದುರಿಸಿ ತಿನ್ನಿಸಿ. ಜೂನ್ ನಂತರದ ತೇವಕ್ಕೆ ತೆರೆದ ಪ್ಯಾಕೆಟ್ ಬಿಡದೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಕರುವಿಗೂ ಹಾಕಬಹುದಾ ಎಂದು ಕೇಳುವವರಿದ್ದಾರೆ. ಹಾಲು ಕುಡಿಯುವ ಕರುವಿಗೆ ಕವಚದ್ದು ಬೇಡ. ಅದು ಚೀಪುವಾಗ ಅನ್ನನಾಳದ ಬುಡದಲ್ಲಿರುವ ಒಂದು ಮಡಿಕೆ ಸೇರಿಕೊಂಡು ನಳಿಕೆಯಂತಾಗುತ್ತದೆ, ಹಾಲು ರೂಮೆನ್‌ಗೆ ಬೀಳದೆ ನೇರ ನಾಲ್ಕನೇ ಹೊಟ್ಟೆಗೆ ಇಳಿಯುತ್ತದೆ. ಬಾಲ್ದಿಯಿಂದ ಗಟಗಟ ಕುಡಿಯುವ ಕರುವಿನಲ್ಲಿ ಕೆಲವೊಮ್ಮೆ ಈ ಮಡಿಕೆ ಸರಿಯಾಗಿ ಮುಚ್ಚುವುದಿಲ್ಲ. ಆಗ ಹಾಲು ರೂಮೆನ್‌ಗೆ ಬಿದ್ದು ಹುಳಿಯಾಗಿ ಹೊಟ್ಟೆ ಉಬ್ಬುತ್ತದೆ. ಅಂಥ ಕರುವಿಗೆ ಮೊಲೆ ಇರುವ ಬಾಟಲಿ ಕೊಟ್ಟರೆ ಆಯಿತು.